ಚಳಿಗಾಲದ ಚೀಟಿಗಳು

ಡಿಸೆಂಬರಿನ ಒಂದು ಮಧ್ಯಾಹ್ನ. ಜಪಾನಿನ ಯಾವ ಊರಿನ ಸಮುದಾಯ ಭವನಕ್ಕೆ ಹೋದರೂ ಇಂಥದ್ದೊಂದು ಕೋಣೆ ಸಿಕ್ಕೀತು. ಉದ್ದನೆಯ ಮೇಜು, ಹಬೆಯಾಡುವ ಹಸಿರು ಚಹಾ, ಸುತ್ತ ಹತ್ತು ಹನ್ನೆರಡು ಜನ. ನಿವೃತ್ತ ಮೇಷ್ಟ್ರು, ಮೀನಂಗಡಿಯವರು, ಮೊಮ್ಮಕ್ಕಳು ಶಾಲೆಯಿಂದ ಬರುವುದರೊಳಗೆ ಮನೆ ಸೇರಬೇಕಾದ ಅಜ್ಜಿ. ಒಬ್ಬರು ಕಾಗದ ಹಿಡಿದು ಒಂದು ಹಾಯ್ಕುವನ್ನು ಗಟ್ಟಿಯಾಗಿ ಓದುತ್ತಾರೆ. ಅರೆಗಳಿಗೆ ಮೌನ. ಆಮೇಲೆ ಮೇಜಿನ ಮೂಲೆಯಿಂದ ಸಣ್ಣ ದನಿಯೊಂದು ತನ್ನ ಹೆಸರು ಹೇಳುತ್ತದೆ. ತಾವು ಮೆಚ್ಚಿದ್ದು ಯಾರ ರಚನೆ ಎಂದು ಉಳಿದವರಿಗೆ ತಿಳಿಯುವುದೇ ಆಗ.

ಈ ಕೂಟಕ್ಕೆ ಕುಕಾಯ್ ಎನ್ನುತ್ತಾರೆ. ಹೆಸರು ಹೇಳುವ ಆ ಗಳಿಗೆಗೆ ನಾನೋರಿ. ಹಾಯ್ಕು ಎಂದೊಡನೆ ನಮ್ಮವರಿಗೆ ಕವಿ ಬಾಶೋ ನೆನಪಾಗುತ್ತಾನೆ. ಆದರೆ ಅದನ್ನು ವಾರವಾರವೂ ಉಸಿರಾಡಿಸುತ್ತಿರುವುದು ಇಂಥ ಕೋಣೆಗಳ ಹವ್ಯಾಸಿಗಳು. ಇವರಲ್ಲಿ ಹೆಚ್ಚಿನವರು ಪುಸ್ತಕ ತಂದವರಲ್ಲ, ತರುವ ಆಸೆಯಿದ್ದವರೂ ಅಲ್ಲ.

ಕೂಟದ ಕ್ರಮ ಸೊಗಸಾಗಿದೆ. ಒಂದು ಚೀಟಿಗೆ ಒಂದು ಹಾಯ್ಕು, ಹೆಸರಿಲ್ಲದೆ. ಎಲ್ಲ ಚೀಟಿಗಳನ್ನೂ ಕಲಸಿ ಹಂಚುತ್ತಾರೆ. ತನ್ನ ಪಾಲಿಗೆ ಬಂದಿದ್ದನ್ನು ಪ್ರತಿಯೊಬ್ಬರೂ ಬೇರೊಂದು ಹಾಳೆಯಲ್ಲಿ ಚೊಕ್ಕವಾಗಿ ನಕಲು ಮಾಡಬೇಕು. ಮೇಷ್ಟ್ರ ಹಾಯ್ಕು ಮೀನಂಗಡಿಯವರ ಅಕ್ಷರಕ್ಕೆ ಬರುತ್ತದೆ, ಮೀನಂಗಡಿಯವರದ್ದು ಅಜ್ಜಿಯ ಅಕ್ಷರಕ್ಕೆ. ಇನ್ನು ಬರವಣಿಗೆ ನೋಡಿ ಆಳನ್ನು ಗುರುತಿಸುವಂತಿಲ್ಲ. ಹಾಳೆಗಳು ಕೈಯಿಂದ ಕೈಗೆ ಸುತ್ತುತ್ತವೆ. ಒಬ್ಬೊಬ್ಬರೂ ನಾಲ್ಕೈದನ್ನು ಆರಿಸುತ್ತಾರೆ. ತನ್ನದನ್ನು ತಾನೇ ಆರಿಸಿಕೊಳ್ಳುವ ಹಾಗಿಲ್ಲ. ಓದಿದಾಗ ಬರೆದವರು ಹೇಳುವುದು ಮನೆತನದ ಹೆಸರನ್ನಲ್ಲ, ಕಾವ್ಯನಾಮವನ್ನು. ಕಂಪನಿಯ ನಿರ್ದೇಶಕರೂ ಅವರ ಕಾರಿನ ಚಾಲಕರೂ ಒಂದೇ ಮೇಜಿನಲ್ಲಿದ್ದರೆ, ಅಷ್ಟು ಹೊತ್ತು ಇಬ್ಬರೂ ಬರೀ ಎರಡು ಹೆಸರು.

ಇದು ತೀರಾ ಹಳೆಯ ಪದ್ಧತಿಯೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗುರುಗಳು ಶುಲ್ಕ ಪಡೆದು ಶಿಷ್ಯರ ಪದ್ಯಗಳಿಗೆ ಅಂಕ ಹಾಕುತ್ತಿದ್ದರು. 1890ರ ದಶಕದಲ್ಲಿ ಕವಿ ಮಾಸಾಓಕಾ ಶಿಕಿ ಮತ್ತು ಗೆಳೆಯರು ಎಲ್ಲರೂ ಎಲ್ಲರದ್ದನ್ನೂ ಆರಿಸುವ ಕ್ರಮವನ್ನು ನೆಲೆಗೊಳಿಸಿದರು. 1896ರ ಜನವರಿಯಲ್ಲಿ ಶಿಕಿಯ ಟೋಕ್ಯೋ ಮನೆಯಲ್ಲಿ ನಡೆದ ಹೊಸವರ್ಷದ ಕೂಟದಲ್ಲಿ ನಾತ್ಸುಮೆ ಸೋಸೆಕಿ, ಮೋರಿ ಓಗಾಯ್ ಇಬ್ಬರೂ ಇದ್ದರು. ಮುಂದೆ ಜಪಾನಿನ ಗದ್ಯದ ದಿಗ್ಗಜರಾದವರು ಅಂದು ಹೆಸರಿಲ್ಲದ ಚೀಟಿ ಹಾಕಿ ಕೂತಿದ್ದರು.

ಹಾಯ್ಕುವಿನ ಐದು-ಏಳು-ಐದು ಲೆಕ್ಕ ಎಲ್ಲರಿಗೂ ಗೊತ್ತು. ಎಣಿಸುವುದು ಅಕ್ಷರಗಳನ್ನಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದು ಹೆಚ್ಚುಕಡಿಮೆ ನಮ್ಮ ಮಾತ್ರೆಯ ಲೆಕ್ಕ: ದೀರ್ಘಕ್ಕೆ ಎರಡು. ಟೋಕ್ಯೋ ಎಂಬ ಹೆಸರು ಜಪಾನಿಯರ ಕಿವಿಗೆ ನಾಲ್ಕು. ಲಘು ಗುರು ಹಾಕಿ ಬೆಳೆದ ಕನ್ನಡಿಗರಿಗೆ ಇದು ಅರ್ಥವಾಗುವಷ್ಟು ಸುಲಭವಾಗಿ ಇಂಗ್ಲಿಷರಿಗೆ ಆಗಲಿಕ್ಕಿಲ್ಲ.

ಇನ್ನೊಂದು ಕಟ್ಟು ಕಿಗೊ, ಅಂದರೆ ಋತುವನ್ನು ಸೂಚಿಸುವ ಪದ. ಇವುಗಳ ಕೋಶಕ್ಕೆ ಸಾಯ್‌ಜಿಕಿ ಎಂದು ಹೆಸರು. ಅದರ ಪ್ರಕಾರ ಚಳಿಗಾಲ ನವೆಂಬರ್ 7ರ ಸುಮಾರಿಗೇ ಶುರು. ಚಳಿಗಾಲದ ಪುಟಗಳಲ್ಲಿ ಹಿಮ, ಹಿಮಗಡ್ಡೆ, ಎಲೆ ಉದುರಿಸುವ ಗಾಳಿ ಇರುವುದು ಸಹಜ. ಅವುಗಳ ಪಕ್ಕದಲ್ಲೇ ಮೂಲಂಗಿ, ಕಿತ್ತಳೆ, ಸೀನು, ಸೋರುವ ಮೂಗು, ಬಾಯಿಂದ ಬರುವ ಬಿಳಿಯುಸಿರು. ‘ಬೆಟ್ಟ ಮಲಗಿದೆ’ ಎಂಬುದೂ ಒಂದು ಕಿಗೊ, ಎಲೆಯಿಲ್ಲದ ಬೆಟ್ಟಕ್ಕೆ. ತೋಳ ಕೂಡ ಚಳಿಗಾಲದ್ದೇ. ಜಪಾನಿನ ತೋಳ ಕೊನೆಯದಾಗಿ ಸಿಕ್ಕಿದ್ದು 1905ರಲ್ಲಿ. ಕಾಡಿನಲ್ಲಿ ಇಲ್ಲವಾದ ಪ್ರಾಣಿ ಕೋಶದಲ್ಲಿ ಉಳಿದಿದೆ. ಮುಖದ ಮಾಸ್ಕ್ ಸಹ ಚಳಿಗಾಲದ ಪದ. ಕೋವಿಡ್ ಬಂದು ಬೇಸಿಗೆಯಲ್ಲೂ ಎಲ್ಲರೂ ಮೂಗು ಮುಚ್ಚಿಕೊಂಡಾಗ, ಈ ಪದವನ್ನು ಇನ್ನು ಯಾವ ಋತುವಿಗೆ ಸೇರಿಸುವುದೆಂದು ಹಾಯ್ಕು ಬಳಗದಲ್ಲಿ ತಲೆಕೆರೆತ ಶುರುವಾಯಿತು.

ಹವ್ಯಾಸಿಯ ಚಳಿಗಾಲದ ಹಾಯ್ಕುವನ್ನು ಸವಿಯುವುದು ಹೇಗೆ? ಚೀಟಿಯೊಂದರಲ್ಲಿ ಹೀಗಿದೆ ಎಂದುಕೊಳ್ಳಿ:

ಮನೆಯೆಲ್ಲ ಚಳಿ
ಅಮ್ಮನಿಲ್ಲದ ದುಃಖ
ತಾಳಲಾಗದು

ಯಾರೂ ಆರಿಸುವುದಿಲ್ಲ. ದುಃಖ ಸುಳ್ಳೆಂದಲ್ಲ, ಓದುವವರಿಗೆ ಮಾಡಲು ಕೆಲಸವೇ ಉಳಿದಿಲ್ಲ. ಅದೇ ವ್ಯಕ್ತಿ ಮುಂದಿನ ತಿಂಗಳು ತಂದದ್ದು:

ಕೊತಾತ್ಸುವಿನ
ಒಂದು ಬದಿ ಖಾಲಿ
ಕಿತ್ತಳೆ ಸಿಪ್ಪೆ

ಕೊತಾತ್ಸು ಎಂದರೆ ಅಡಿಯಲ್ಲಿ ಕಾವು, ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು. ಚಳಿಗಾಲದಲ್ಲಿ ಇಡೀ ಮನೆ ಅದರೊಳಗೆ ಕಾಲು ತೂರಿಸಿ ಕೂರುತ್ತದೆ. ಇದನ್ನು ಹಲವರು ಆರಿಸುತ್ತಾರೆ. ಆದರೆ ಹಿರಿಯರೊಬ್ಬರು ತಲೆಯಾಡಿಸುತ್ತಾರೆ: ಕೊತಾತ್ಸುವೂ ಕಿಗೊ, ಕಿತ್ತಳೆಯೂ ಕಿಗೊ, ಒಂದು ಹಾಯ್ಕುವಿಗೆ ಎರಡು ಯಾಕೆ? ಸಿಪ್ಪೆಯ ಜಾಗದಲ್ಲಿ ಕನ್ನಡಕ ಇಟ್ಟರೆ? ‘ಮಡಿಸಿಟ್ಟ ಕನ್ನಡಕ.’ ಮೇಜಿನ ಸುತ್ತ ಎಲ್ಲರೂ ಅದನ್ನು ಮನಸ್ಸಿನಲ್ಲೇ ಹಾಕಿ ನೋಡುತ್ತಾರೆ. ಅಮ್ಮ ಎಂಬ ಮಾತಿಲ್ಲದೆ ಅಮ್ಮ ಬಂದು ಕೂತಿದ್ದಾರೆ. ಶಿಕಿಯ ಶಿಷ್ಯ ತಾಕಾಹಾಮಾ ಕ್ಯೋಶಿ ಆರಿಸುವುದೂ ಒಂದು ಸೃಷ್ಟಿಯೇ ಎನ್ನುತ್ತಿದ್ದರಂತೆ; ಅವರು ಹೇಳಿದ್ದು ಬಹುಶಃ ಇದನ್ನೇ.

ಶಿಕಿಯ ವಿಷಯಕ್ಕೇ ಮರಳಬೇಕು, ಚಳಿಗಾಲದ ಹಾಯ್ಕು ಎಂದರೆ ಆತನನ್ನು ಬಿಟ್ಟು ಹೋಗಲಾಗದು. 1867ರಲ್ಲಿ ಮಾತ್ಸುಯಾಮಾದಲ್ಲಿ ಹುಟ್ಟಿ, ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದು 1902ರಲ್ಲಿ ತೀರಿಕೊಂಡ. ತಾಯಿ, ತಂಗಿ ಆರೈಕೆ ಮಾಡುತ್ತಿದ್ದರು. 1896ರಲ್ಲಿ, ಹಾಸಿಗೆಯಲ್ಲಿದ್ದುಕೊಂಡೇ ಹಿಮದ ಬಗ್ಗೆ ನಾಲ್ಕು ಹಾಯ್ಕು ಬರೆದ. ಹಿಮ ಎಷ್ಟು ಎತ್ತರ ಬಿದ್ದಿದೆ ಎಂದು ಎದ್ದು ನೋಡಲಾಗದೆ ಮನೆಯವರನ್ನು ಮತ್ತೆ ಮತ್ತೆ ಕೇಳುವುದು ಒಂದರಲ್ಲಿ. ಬಾಗಿಲಿನ ಕಾಗದದ ತೂತಿನಿಂದ ಹಿಮ ಕಾಣುವುದು ಇನ್ನೊಂದರಲ್ಲಿ. ಜಪಾನಿ ಮನೆಯ ಜಾರುಬಾಗಿಲಿಗೆ ಕಾಗದ, ಬೆಳಕು ಒಳಗೆ ಬಂದೀತು, ಹೊರಗಿನದು ಕಾಣದು. 1899ರ ಚಳಿಗಾಲದಲ್ಲಿ ಕ್ಯೋಶಿ ಆ ಬಾಗಿಲಿಗೆ ಗಾಜು ಹಾಕಿಸಿಕೊಟ್ಟರು. ಅಲ್ಲಿಂದ ಮುಂದೆ ಮಲಗಿದ ಕವಿಗೆ ಅಂಗಳ ಕಂಡಿತು. ಟೋಕ್ಯೋದ ನೆಗಿಶಿಯಲ್ಲಿನ ಆ ಮನೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಯುದ್ಧದ ನಂತರ ಕಟ್ಟಿದ ಮನೆಯನ್ನು ಇಂದಿಗೂ ನೋಡಬಹುದು.

ಹುಟ್ಟೂರು ಮಾತ್ಸುಯಾಮಾ ಆತನನ್ನು ಮರೆತಿಲ್ಲ. ಅಲ್ಲಿ 1966ರಿಂದ ಹಾಯ್ಕು ಅಂಚೆಪೆಟ್ಟಿಗೆಗಳಿವೆ. ದಾರಿಹೋಕರು ಒಂದು ಸಾಲು ಗೀಚಿ ಹಾಕಿದರೆ ಅದನ್ನೂ ಓದಿ ಆರಿಸುತ್ತಾರೆ. 1998ರಿಂದ ಪ್ರತಿ ಆಗಸ್ಟ್‌ನಲ್ಲಿ ಹೈಸ್ಕೂಲ್ ಮಕ್ಕಳ ಹಾಯ್ಕು ಪಂದ್ಯ. ಎದುರಾಳಿಯ ಹಾಯ್ಕುವನ್ನು ಓದಿ ಪ್ರಶ್ನಿಸುವುದಕ್ಕೂ ಅಲ್ಲಿ ಅಂಕ. ಚಹಾ ಕಂಪನಿ ಇತೋ ಎನ್ 1989ರಿಂದ ನಡೆಸುತ್ತಿರುವ ಸ್ಪರ್ಧೆಗೆ ಈಗ ವರ್ಷಕ್ಕೆ 15 ಲಕ್ಷಕ್ಕೂ ಮೀರಿ ಹಾಯ್ಕುಗಳು ಬರುತ್ತವೆ, ಗೆದ್ದವು ಬಾಟಲಿಯ ಮೇಲೆ ಅಚ್ಚಾಗುತ್ತವೆ. ಹೀಗೆಲ್ಲ ನೋಡಿದರೆ ಹಾಯ್ಕುವಿಗೆ ಬರವಿಲ್ಲ. ಬರ ಬಂದಿರುವುದು ಮೇಜಿನ ಸುತ್ತಲಿನ ಕುರ್ಚಿಗಳಿಗೆ. ಹಳೆಯ ಬಳಗಗಳ ಸದಸ್ಯರಿಗೆ ವಯಸ್ಸಾಗಿದೆ, ಅವರ ಎಷ್ಟೋ ಹಾಯ್ಕು ಪತ್ರಿಕೆಗಳು ನಿಂತಿವೆ. ಲಕ್ಷಗಟ್ಟಲೆ ಬರುವ ಸ್ಪರ್ಧೆಯಲ್ಲಿ ಯಾರ ಹಾಯ್ಕುವನ್ನೂ ಪಕ್ಕದವರು ತಮ್ಮ ಕೈಯಾರೆ ನಕಲು ಮಾಡುವುದಿಲ್ಲ.

ಕೂಟಕ್ಕೆ ಬರಲಾಗದವರು ಚೀಟಿ ಕಳಿಸಿಕೊಡುವ ರೂಢಿಯೂ ಇದೆ. ಮೊಣಕಾಲು ನೋವು, ಆಸ್ಪತ್ರೆ, ಹೊರಗೆ ಹಿಮ. ಅಂಥವರ ಹಾಯ್ಕುವೂ ಉಳಿದವುಗಳೊಡನೆ ಬೆರೆತು, ಯಾರದೋ ಅಕ್ಷರಕ್ಕೆ ಬಂದು, ಮೇಜು ಸುತ್ತುತ್ತದೆ. ಆಯ್ಕೆಯಾದರೆ ಗಟ್ಟಿಯಾಗಿ ಓದುತ್ತಾರೆ. ಉತ್ತರವಿಲ್ಲ. ಮೌನ ಎಂದಿಗಿಂತ ಸ್ವಲ್ಪ ಉದ್ದವಾಗುತ್ತದೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಕೂಟ ನಡೆಸುವವರು ಪಟ್ಟಿ ನೋಡಿ, ಇಲ್ಲದವರ ಪರವಾಗಿ ಆ ಹೆಸರು ಹೇಳುತ್ತಾರೆ.