ಮೂರನೇ ಸಲಕ್ಕೆ ಏಳುವ ಪೆಟ್ಟಿಗೆ

ಬೆಳಗಿನ ಆರೂವರೆ. ಕುಕ್ಕರ್ ಇನ್ನೂ ಕೂಗಿಲ್ಲ. ಮಗಳು ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ‘ಟಿಕ್’. ಫ್ಯಾನುಗಳು ಗಿರ್ರನೆ ತಿರುಗುತ್ತವೆ, ಕೀಲಿಮಣೆಯ ದೀಪ ಮಿಣುಕುತ್ತದೆ. ಪರದೆ ಮಾತ್ರ ಕಪ್ಪಗೆ ಕೂತಿದೆ. ಗುಂಡಿಯನ್ನು ಒತ್ತಿಹಿಡಿದು ಆರಿಸುತ್ತಾಳೆ, ಮತ್ತೆ ಒತ್ತುತ್ತಾಳೆ. ಮೂರನೇ ಸಲಕ್ಕೆ ಎದ್ದಿತು. ನಿನ್ನೆ ಒಂದೇ ಸಲಕ್ಕೆ ಎದ್ದಿತ್ತು. ಮೊನ್ನೆ ಏಳಲೇ ಇಲ್ಲ.

“ಎತ್ತಿನ ಹಾಗೆ, ಅದಕ್ಕೂ ಮನಸ್ಸು ಬರಬೇಕು ಬಿಡೇ” ಎನ್ನುತ್ತ ಹೂವಿನ ಬುಟ್ಟಿ ಹಿಡಿದು ಹೊರಟ ಅಮ್ಮ, ಹಾದುಹೋಗುವಾಗ ಕ್ಯಾಬಿನೆಟ್ಟಿನ ಪಕ್ಕೆಗೊಂದು ಏಟು ಹಾಕುತ್ತಾರೆ. ಆ ಏಟಿನ ಮೇಲೆ ಎದ್ದ ದಿನಗಳೂ ಉಂಟು. ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಬೈಯೋಣವೆಂದರೆ ಯಾರೂ ಇಲ್ಲ. ಎಸ್.ಪಿ. ರೋಡಿನ ಇಕ್ಕಟ್ಟು ಅಂಗಡಿಗಳಲ್ಲಿ ಬಿಡಿಭಾಗ ಹೊಂದಿಸಿ ತಂದು, ಮನೆಯಲ್ಲಿದ್ದ ಹಳೆಯ ಕ್ಯಾಬಿನೆಟ್ಟಿಗೇ ಕೂರಿಸಿದವನು ನಾನೇ.

ಪೂರ್ತಿ ಸತ್ತ ಯಂತ್ರದ ರಿಪೇರಿ ಸಲೀಸು. ಒಂದು ಭಾಗ ಬದಲಾಯಿಸಿದಾಗ ಜೀವ ಬಂದರೆ ಕಳ್ಳ ಸಿಕ್ಕಂತೆ. ಆಗೊಮ್ಮೆ ಈಗೊಮ್ಮೆ ಸಾಯುವ ಯಂತ್ರದ ಮುಂದೆ ಎಲ್ಲ ಔಷಧಿಯೂ ರಾಮಬಾಣವೇ. ರ‍್ಯಾಮ್ ಕಿತ್ತು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದೆ. ಎರಡು ದಿನ ಸರಿಹೋಯಿತು. ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಹಾಕಿದೆ, ಇನ್ನೊಂದು ದಿನ. ಮದರ್‌ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿವೆ: ಸಿಪಿಯು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್. ತಪಾಸಣೆ ಎಲ್ಲಿ ನಿಂತಿತೋ ಅಲ್ಲಿನ ದೀಪ ಉರಿಯುತ್ತದೆ. ನಮ್ಮದು ಒಂದು ದಿನ ರ‍್ಯಾಮ್ ಮೇಲೆ, ಮತ್ತೊಂದು ದಿನ ಸಿಪಿಯು ಮೇಲೆ ಬೆರಳು ತೋರಿಸುತ್ತಿತ್ತು. ಡಿಡಿಆರ್5 ರ‍್ಯಾಮ್ ಮೊದಲ ಸಲ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕೆಂದು ಓದಿ, ಕಪ್ಪು ಪರದೆಯೆದುರು ಇಡೀ ಲೋಟ ಕಾಫಿ ಮುಗಿಸಿದ್ದೂ ಆಯಿತು. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲಿನ ಅನುಮಾನಕ್ಕೆ ಮಲ್ಟಿಮೀಟರ್ ಹಿಡಿದೆ. 12 ವೋಲ್ಟಿನ ಗೆರೆ 11.4ರಿಂದ 12.6ರೊಳಗೆ ಇದ್ದರಾಯಿತು, ನಮ್ಮದು 12.1.

ಶನಿವಾರ ಮತ್ತೆ ಎಸ್.ಪಿ. ರೋಡ್. ಕೌಂಟರಿನ ಹಿಂದಿದ್ದ ನರೆಗೂದಲಿನವರು ಕಥೆಯೆಲ್ಲ ಕೇಳಿ, ಸಾಮಾನು ಮಾರಲು ಹೋಗಲಿಲ್ಲ. “ಸಾರ್, ಒಂದ್ಸಲಕ್ಕೆ ಒಂದೇ ಬದಲಾಯ್ಸಿ, ಬರ್ದಿಟ್ಕೊಳ್ಳಿ. ಮೊದ್ಲು ಬೋರ್ಡನ್ನ ಆಚೆ ತೆಗ್ದು ರಟ್ಟಿನ ಮೇಲೆ ಓಡ್ಸಿ ನೋಡಿ.”

ಭಾನುವಾರ ಊಟದ ಮೇಜೇ ಆಪರೇಷನ್ ಥಿಯೇಟರ್. ಮದರ್‌ಬೋರ್ಡ್ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಅದನ್ನೇ ಮಲಗಿಸಿದೆವು. ಸಿಪಿಯು, ಅದರ ಫ್ಯಾನ್, ಎರಡನೇ ಸ್ಲಾಟಿನಲ್ಲಿ ಒಂದೇ ರ‍್ಯಾಮ್, ವಿದ್ಯುತ್ತಿನ ಎರಡು ವೈರು, ಪರದೆಯ ಕೇಬಲ್. ಗುಂಡಿಯಿಲ್ಲದ್ದರಿಂದ ಅದರ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದಳು ಮಗಳು. ಎದ್ದಿತು. ಆರಿಸಿದೆವು, ಮುಟ್ಟಿಸಿದೆವು; ಎದ್ದಿತು. ಒಂದೊಂದೇ ಭಾಗ ಸೇರಿಸುತ್ತ ಹತ್ತು ಸಲ ಮುಟ್ಟಿಸಿದರೆ ಹತ್ತೂ ಸಲ ಎದ್ದಿತು.

“ಅಪ್ಪಾ, ಇದರಲ್ಲೇನೂ ಇಲ್ಲ. ಆ ಡಬ್ಬದಲ್ಲೇ ಏನೋ ಇದೆ.”

ಖಾಲಿ ಕ್ಯಾಬಿನೆಟ್ಟಿಗೆ ಟಾರ್ಚ್ ಬಿಟ್ಟೆವು. ತಗಡಿನ ಗೋಡೆಯ ಮೇಲೆ ಆರು ಮೂಲೆಯ ಪುಟ್ಟ ಹಿತ್ತಾಳೆ ಕಂಬಗಳು. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯುವುದು, ಸ್ಕ್ರೂ ಕಚ್ಚಿಕೊಳ್ಳುವುದು ಇವುಗಳ ಮೇಲೆಯೇ. ಮೊದಲಿದ್ದದ್ದು 30.5 ಸೆಂ.ಮೀ. ಉದ್ದದ ಎಟಿಎಕ್ಸ್ ಬೋರ್ಡ್, ಹೊಸದು 24.4 ಸೆಂ.ಮೀ. ಚೌಕದ ಮೈಕ್ರೋ ಎಟಿಎಕ್ಸ್. ಮಗಳು ಬೋರ್ಡಿನ ತೂತು ಎಣಿಸಿದಳು, ನಾನು ಬೋರ್ಡಿನಡಿಗೆ ಬರುವ ಕಂಬ ಎಣಿಸಿದೆ. ಕಂಬ ಒಂದು ಹೆಚ್ಚು. ಅದರ ನೆತ್ತಿಗೆ ಸರಿಯಾಗಿ ಬೋರ್ಡಿನಲ್ಲಿ ತೂತಿಲ್ಲ. ಸಾಸಿವೆ ಕಾಳಿನಂಥ ಬೆಸುಗೆಯ ಹನಿಗಳಿವೆ. ಕನ್ನಡಕ ಏರಿಸಿ ನೋಡಿದರೆ ಒಂದು ಹನಿಯ ತುದಿ ಸವೆದು ಹೊಳೆಯುತ್ತಿದೆ. ಬೋರ್ಡು ಕೂದಲೆಳೆಯಷ್ಟು ಬಾಗಿದರೆ ಹಿತ್ತಾಳೆ ತಾಗುತ್ತದೆ, ಕರೆಂಟಿಗೆ ತಗಡಿನತ್ತ ದಾರಿ ತೆರೆಯುತ್ತದೆ; ಸರಿದರೆ ಬಿಡುತ್ತದೆ. ಗ್ರಾಫಿಕ್ಸ್ ಕಾರ್ಡಿನ ಭಾರಕ್ಕೆ ಬಾಗುತ್ತಿತ್ತು. ಅಮ್ಮನ ಏಟಿಗೆ ಸರಿಯುತ್ತಿತ್ತು. ರಬ್ಬರು, ಸೆಲ್ಲು ಎಂದು ನಾನು ಹೊಗಳಿದ್ದೆಲ್ಲ, ಒಳಗೆ ಕೈ ಹಾಕಿದಾಗ ಬೋರ್ಡು ಕದಲಿದ ಪುಣ್ಯ.

ಇಕ್ಕಳದಿಂದ ಎರಡು ಸುತ್ತು ತಿರುಗಿಸಿದ್ದೇ ಕಂಬ ಅಂಗೈಗೆ ಉದುರಿತು. ಎಲ್ಲ ಜೋಡಿಸಿ ಗುಂಡಿ ಒತ್ತಿದೆವು. ಪರದೆ ಬೆಳಗಿತು. ನಾನು ಚಪ್ಪಾಳೆ ತಟ್ಟಿದೆ. ಮಗಳು ತಟ್ಟಲಿಲ್ಲ.

“ಹೋದ ವಾರವೂ ಒಂದೇ ಸಲಕ್ಕೆ ಎದ್ದಿತ್ತಲ್ಲಪ್ಪಾ?” ಎಂದು ಹಳೆಯ ನೋಟ್‌ಬುಕ್ ತೆಗೆದು ಹೊಸ ಪುಟಕ್ಕೆ ತಾರೀಕು ಹಾಕಿದಳು. ಇಪ್ಪತ್ತು ಬೆಳಗು, ಇಪ್ಪತ್ತು ಗೀಟು; ಆಮೇಲೆ ನಂಬಿಕೆ. ಇಂದು ಹದಿನೇಳನೆಯದು. ಕುಕ್ಕರ್ ಕೂಗುವ ಮೊದಲೇ ‘ಟಿಕ್’ ಎಂದಿತು, ಪರದೆ ಬೆಳಗಿತು. ಹೂವಿನ ಬುಟ್ಟಿಯೊಂದಿಗೆ ಹೊರಟಿದ್ದ ಅಮ್ಮ ಅಭ್ಯಾಸಬಲದಿಂದ ಕೈ ಎತ್ತಿದರು.

“ಅಜ್ಜೀ, ಮುಟ್ಟಬೇಡಿ! ಲೆಕ್ಕ ತಪ್ಪುತ್ತೆ!”