ಅಳಿಸಿದ್ದಕ್ಕೂ ದಾಖಲೆ ಬೇಕು

ದೊಡ್ಡ ಸಂಸ್ಥೆಯ ಕಂಪ್ಯೂಟರ್ ಜಾಲದಲ್ಲಿ ಯಾರು ಲಾಗಿನ್ ಆಗಬಹುದು, ಯಾರು ಯಾವ ಗುಂಪಿಗೆ ಸೇರಿದವರು ಎಂಬುದನ್ನೆಲ್ಲ ಹೇಳುವುದು ಡೈರೆಕ್ಟರಿ. ವಿಂಡೋಸ್ 2000 ಸರ್ವರ್ ಜೊತೆ ಬಂದ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಈ ಮಾಹಿತಿಯನ್ನು ‘ಎನ್‌ಟಿಡಿಎಸ್.ಡಿಐಟಿ’ ಎಂಬ ಫೈಲಿನಲ್ಲಿ ಇಡುತ್ತದೆ. ಈ ಡೈರೆಕ್ಟರಿಯನ್ನು ನಡೆಸುವ ಪ್ರತಿ ಸರ್ವರಿನಲ್ಲೂ, ಅಂದರೆ ಡೊಮೇನ್ ಕಂಟ್ರೋಲರಿನಲ್ಲೂ, ಅಂಥದೊಂದು ಫೈಲು. ಅದರ ನಿರ್ವಹಣೆ ಎಂದೊಡನೆ ಹಲವರಿಗೆ ಹೊಳೆಯುವುದು ಫೈಲನ್ನು ಹಿಂಡಿ ಚಿಕ್ಕದು ಮಾಡುವ ಕೆಲಸ. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಮೊದಲು ಕಾಯಬೇಕಾದ್ದು ಅಳಿಸಿದ ಸುದ್ದಿಯನ್ನು. ಯಾವ ಕಂಟ್ರೋಲರಿನಲ್ಲಿ ಬೇಕಾದರೂ ಬದಲಾವಣೆ ಮಾಡಬಹುದು, ಉಳಿದವು ಅದನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಕೆಲಸ ಬಿಟ್ಟವರ ಖಾತೆ ಒಂದು ಕಡೆ ಸುಳಿವಿಲ್ಲದೆ ಮಾಯವಾದರೆ, ಆ ಹೊತ್ತಿಗೆ ಆರಿದ್ದ ಇನ್ನೊಂದು ಯಂತ್ರಕ್ಕೆ ಅದು ತಿಳಿಯುವುದಾದರೂ ಹೇಗೆ? ಅದಕ್ಕೇ ಅಳಿಸಿದ ಖಾತೆಯ ಜಾಗದಲ್ಲಿ ‘ಟೂಂಬ್‌ಸ್ಟೋನ್’ ಎಂಬ ಗುರುತು ಉಳಿಯುತ್ತದೆ. ಮೊದಲು ಇದರ ಆಯುಸ್ಸು 60 ದಿನವಿತ್ತು. ವಿಂಡೋಸ್ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕ್‌ನಿಂದಾಚೆಗೆ ಹೊಸದಾಗಿ ಕಟ್ಟಿದ ಜಾಲಗಳಲ್ಲಿ ಸಾಮಾನ್ಯವಾಗಿ 180 ದಿನ. ಅದಕ್ಕಿಂತ ಹೆಚ್ಚು ಕಾಲ ಸಂಪರ್ಕ ಕಡಿದುಕೊಂಡ ಕಂಟ್ರೋಲರಿನಲ್ಲಿ ತೆಗೆದುಹಾಕಿದ ಖಾತೆ ಹಾಗೇ ಕುಳಿತಿರುತ್ತದೆ. ಅಷ್ಟು ಹಳೆಯ ಬ್ಯಾಕಪ್ಪಿನದೂ ಇದೇ ಕಥೆ.

ಫೈಲು ಬೆಳೆಯುತ್ತಲೇ ಹೋದರೆ ವೇಗ ಕುಗ್ಗದೇ ಎಂಬ ಪ್ರಶ್ನೆ ಸಹಜ. ಆದರೆ ಪ್ರತಿ 12 ಗಂಟೆಗೊಮ್ಮೆ ಕಂಟ್ರೋಲರು ಅವಧಿ ಮುಗಿದ ಗುರುತುಗಳನ್ನು ತಾನೇ ತೆಗೆದು, ತೆರವಾದ ಜಾಗವನ್ನು ಒಟ್ಟುಗೂಡಿಸುತ್ತದೆ. ಡಿಸ್ಕಿನಲ್ಲಿ ಫೈಲಿನ ಗಾತ್ರ ಇಳಿಯದು, ನಿಜ. ಆದರೆ ಹೊಸ ದಾಖಲೆಗಳು ಆ ತೆರವಿನಲ್ಲೇ ಕೂರುತ್ತವೆ. ಸಾವಿರಾರು ಖಾತೆಗಳನ್ನು ಒಮ್ಮೆಲೇ ತೆಗೆದು, ಡಿಸ್ಕಿನ ಜಾಗ ಮರಳಿ ಬೇಕೇ ಬೇಕೆಂದಾಗ ಮಾತ್ರ ಸೇವೆ ನಿಲ್ಲಿಸಿ ಹಿಂಡುವುದಕ್ಕೆ ಅರ್ಥವಿದೆ. ಅದನ್ನೂ ಒಂದೊಂದು ಕಂಟ್ರೋಲರಿನಲ್ಲಿ ಬೇರೆಬೇರೆಯಾಗಿಯೇ ಮಾಡಬೇಕು.

ಇಷ್ಟು ಪ್ರತಿಗಳಿರುವಾಗ ಬ್ಯಾಕಪ್ ಏಕೆ ಎನ್ನುವವರ ವಾದ ಇನ್ನೂ ಅಪಾಯಕಾರಿ. ತಪ್ಪಾಗಿ ಅಳಿಸಿದ ಸುದ್ದಿಯೂ ಅಷ್ಟೇ ನಿಷ್ಠೆಯಿಂದ ಎಲ್ಲ ಪ್ರತಿಗಳಿಗೂ ತಲುಪುತ್ತದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಸೈಬರ್ ದಾಳಿಗೆ ಸಿಕ್ಕ ಮರ್ಸ್ಕ್ ಹಡಗು ಸಂಸ್ಥೆಯ ಡೊಮೇನ್ ಕಂಟ್ರೋಲರುಗಳು ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೇ ನಾಶವಾದವು. ವರದಿಗಳ ಪ್ರಕಾರ ಉಳಿದದ್ದು ವಿದ್ಯುತ್ ಕಡಿತದಿಂದ ಆರಿದ್ದ ಘಾನಾದ ಒಂದೇ ಒಂದು. ಹೀಗಾಗಿ ಜಾಲದಿಂದ ದೂರವಿಟ್ಟ ಬ್ಯಾಕಪ್ ಬೇಕು, ಅದು ಟೂಂಬ್‌ಸ್ಟೋನ್ ಆಯುಸ್ಸಿನೊಳಗಿನದಾಗಿರಬೇಕು, ಅದರಿಂದ ಡೈರೆಕ್ಟರಿಯನ್ನು ಮತ್ತೆ ಎಬ್ಬಿಸಲು ಆಗುತ್ತದೆಯೇ ಎಂದು ಪ್ರತ್ಯೇಕ ಜಾಲದಲ್ಲಿ ಆಗಾಗ ಪರೀಕ್ಷಿಸಿರಬೇಕು.