ವಾಯುಸಖನೂ ಮುಳುಗುಗಾರನ ಸಿಲಿಂಡರೂ

ಅಮರಕೋಶವು ಅಗ್ನಿಗೆ ಹೇಳಿರುವ ಹೆಸರುಗಳಲ್ಲಿ ‘ವಾಯುಸಖ’ ಎಂಬುದೂ ಒಂದು. ಗಾಳಿಯ ಗೆಳೆತನವಿಲ್ಲದೆ ಬೆಂಕಿಯು ಬಾಳಲಾರದೆಂಬುದನ್ನು ಒಲೆಯೂದಿದವರೆಲ್ಲರೂ ಬಲ್ಲರು. ಆ ಗೆಳೆತನಕ್ಕೆ ಕಾರಣವು ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ. ತಾನು ಉರಿಯದೆ ಇತರ ವಸ್ತುಗಳನ್ನು ಉರಿಸುವುದು ಅದರ ಸ್ವಭಾವ.

ಸ್ಕೂಬಾ ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಗಾಳಿಯೇ. ಆದರೆ ಗಾಳಿಯ ಸಾರಜನಕವು ಆಳದಲ್ಲಿ ದೇಹದೊಳಗೆ ಕರಗಿ, ಮೇಲೇರುವಾಗ ಗುಳ್ಳೆಗಟ್ಟಿ ಬಾಧಿಸಬಹುದು. ಆದುದರಿಂದ ಆಮ್ಲಜನಕವನ್ನು ಶೇಕಡಾ 32ಕ್ಕೋ 36ಕ್ಕೋ ಏರಿಸಿದ ನೈಟ್ರಾಕ್ಸ್ ಎಂಬ ಮಿಶ್ರಣವನ್ನು ಬಳಸುವುದುಂಟು. ಶುದ್ಧಿಯ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ.

ಕವಾಟವನ್ನು ರಭಸದಿಂದ ತೆರೆದರೆ, ಮುಂದಣ ಇಕ್ಕಟ್ಟಿಗೆ ನುಗ್ಗಿದ ವಾಯುವು ಒತ್ತಲ್ಪಟ್ಟು, ಸೈಕಲ್ ಪಂಪಿನ ತುದಿಯಂತೆ ಕಾಯುತ್ತದೆ. ಆ ವಾಯುವು ಆಮ್ಲಜನಕವಾಗಿದ್ದರೆ ಎಣ್ಣೆಯ ತೆಳುಲೇಪವೂ ಹೊತ್ತಿಕೊಂಡೀತು. ಆ ಉರಿಯು ಲೋಹಕ್ಕೂ ಹಬ್ಬೀತು. ಆಗ ಕವಾಟದ ಮೇಲಿರುವುದು ತುಂಬುವವನ ಕೈ!

ಅಮೆರಿಕದಲ್ಲಿ ವೃತ್ತಿನಿರತ ಮುಳುಗುಗಾರರ ರಕ್ಷಣೆಗಾಗಿ ಓಷಾ ಇಲಾಖೆಯು ವಿಧಿಸಿರುವ ನಿಯಮದಂತೆ, ಶೇಕಡಾ 40ಕ್ಕೂ ಹೆಚ್ಚು ಆಮ್ಲಜನಕವು ತಾಗುವ ಭಾಗಗಳನ್ನು ದಹ್ಯವಸ್ತುಗಳು ಉಳಿಯದಂತೆ ಶುಚಿಗೊಳಿಸಬೇಕು. ಚದರಂಗುಲಕ್ಕೆ 125 ಪೌಂಡನ್ನು ಮೀರಿದ ಒತ್ತಡದ ಆಮ್ಲಜನಕಕ್ಕೆ ನಿಧಾನವಾಗಿ ತೆರೆಯುವ ಕವಾಟವೇ ಇರಬೇಕು.

“ನನ್ನ ಮಿಶ್ರಣವು ಶೇಕಡಾ 32ರದು, ನನಗೇಕೆ ಈ ಕಟ್ಟಳೆ?” ಎಂದು ಕೇಳುವವರುಂಟು. ಮಿಶ್ರಣವನ್ನು ಬೇರೆಡೆ ಸಿದ್ಧಪಡಿಸಿ ತುಂಬಿದರೆ ಆ ಮಾತಿಗೆ ಅರ್ಥವಿದೆ. ಆದರೆ ಹಲವೆಡೆ ಮೊದಲು ಸಿಲಿಂಡರಿಗೆ ಶುದ್ಧ ಆಮ್ಲಜನಕವನ್ನೇ ಬಿಟ್ಟು, ಅನಂತರ ಗಾಳಿಯನ್ನು ಸೇರಿಸುತ್ತಾರೆ. ಫಲವು ಶೇಕಡಾ 32 ಆದರೂ, ಸಿಲಿಂಡರು ಮೊದಲು ಎದುರಿಸಿದುದು ಶೇಕಡಾ 100ರ ಹತ್ತಿರದ ಆಮ್ಲಜನಕವನ್ನು. ಆದ್ದರಿಂದ ಕೊನೆಯಲ್ಲಿ ಉಳಿಯುವುದನ್ನಲ್ಲ, ನಡುವೆ ಹಾದುಹೋಗುವುದನ್ನು ಎಣಿಸಬೇಕು.

ಶುದ್ಧಿಯ ಕ್ರಮವಾದರೂ ಇಷ್ಟೆ: ಕವಾಟವನ್ನು ಬಿಚ್ಚಿ, ಒಳಭಾಗವನ್ನು ಮಾರ್ಜಕದಿಂದ ತೊಳೆದು, ಶುದ್ಧಜಲದಿಂದ ಜಾಲಿಸಿ, ಎಣ್ಣೆಯ ಸೋಂಕಿಲ್ಲದ ವಾಯುವಿನಿಂದ ಒಣಗಿಸಿ, ಆಮ್ಲಜನಕಕ್ಕೆ ಒಗ್ಗುವ ಉಂಗುರಗಳನ್ನೂ ಲೇಪವನ್ನೂ ಬಳಸಿ ಜೋಡಿಸುವುದು. ನೇರಳಾತೀತ ದೀಪದಲ್ಲಿ ಕೆಲವು ಎಣ್ಣೆಗಳು ಹೊಳೆದು ಕಾಣುತ್ತವೆ, ಎಲ್ಲವೂ ಹೊಳೆಯವು.

ಹೀಗೆ ಶುಚಿಯಾದ ಸಿಲಿಂಡರಿಗೆ ತಾರೀಖಿನ ಚೀಟಿಯನ್ನು ಅಂಟಿಸುವುದು ವಾಡಿಕೆ. ಆದರೆ ಮಡಿಯುಟ್ಟವನು ಮೈಲಿಗೆಯನ್ನು ಮುಟ್ಟಿದರೆ ಆ ಮಡಿಯು ಉಳಿಯುವುದೆ? ಸರಿಯಾದ ಶೋಧಕವಿಲ್ಲದ ಯಂತ್ರದಿಂದ ಎಣ್ಣೆಯ ಆವಿ ಬೆರೆತ ಗಾಳಿಯನ್ನು ಒಂದು ಸಲ ತುಂಬಿದರೆ ಸಾಕು, ಚೀಟಿಯು ಉಳಿದಿದ್ದರೂ ಶುದ್ಧಿಯು ಅಳಿಯುತ್ತದೆ. ಮತ್ತೆ ಮೊದಲಿನಿಂದಲೇ ತೊಳೆಯಬೇಕು.

ಕಡಲನ್ನೇ ಕಾಣದ ಗೃಹಸ್ಥರಿಗೂ ಇದರಿಂದ ಪ್ರಯೋಜನವುಂಟು. ರೋಗಿಗಾಗಿ ಮನೆಗೆ ತಂದ ಆಮ್ಲಜನಕದ ಸಿಲಿಂಡರಿನ ಬಳಿ ದೀಪವನ್ನು ಹಚ್ಚಬಾರದು. ಎಣ್ಣೆಗೈಯಿಂದ ಅದರ ಕವಾಟವನ್ನು ಮುಟ್ಟಬಾರದು. ಬಿಗಿಯಾಯಿತೆಂದು ಅದಕ್ಕೆ ಎಣ್ಣೆ ಬಿಡಲೇಬಾರದು.